ಸುಳಿ ನೋಡಿ ತಂದ ಆನೆ ಬಂದೂಕು

ಮನೆಯಲ್ಲಿ ಒಂದು ಬಂದೂಕು ಇದ್ದರೆ ಸಾಕು. ಅದು ಹಾರಲಿ, ಹಾರದೆ ಮೂಲೆಯಲ್ಲೇ ನಿಂತಿರಲಿ, ವರ್ಷಕ್ಕೊಂದಾದರೂ ನಗುವ ಪ್ರಸಂಗ ತಾನಾಗಿ ಹುಟ್ಟಿಕೊಳ್ಳುತ್ತದೆ. ನಮ್ಮ ದೊಡ್ಡಪ್ಪನವರ ಮನೆಯಲ್ಲಿ ಇದ್ದದ್ದು ಜೋಡಿ ನಳಿಗೆಯ ಭಾರಿ ರೈಫಲು. ಹೀಗಾಗಿ ಪ್ರಸಂಗಗಳೂ ಸ್ವಲ್ಪ ಭಾರಿಯವೇ. ಮುಳಬಾಗಿಲು ತಾಲೂಕಿನಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ ಎಂದು ನಾವು ಈಗಲೂ ಎದೆ ತಟ್ಟಿ ಹೇಳುತ್ತೇವೆ. ಅದನ್ನು ಆರಿಸಿ ತಂದ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆಯ ಗಂಡ ತಿಮ್ಮರಾಯಪ್ಪ ಮಾವ. ಆ ದಿನ ದೊಡ್ಡಪ್ಪನ ಜೊತೆಗೆ ಹೋಗಿದ್ದವರು ಅವರೇ. ಮಿಕ್ಕದ್ದನ್ನೆಲ್ಲ ನಾನೇ ಕಣ್ಣಾರೆ ಕಂಡೆ.

ಸುಳಿ

ನಮ್ಮ ಊರು ತಾಯಲೂರು ಹೋಬಳಿಯಲ್ಲಿ, ಕೆರೆ ಏರಿಯ ಮಗ್ಗುಲಲ್ಲಿದೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಕಡಲೇಕಾಯಿ ಹೊಲಕ್ಕೆ ಕಾಡುಹಂದಿ ಕಾಟ ವಿಪರೀತವಾಯಿತು. ಚಿನ್ನದ ಗಣಿಯಲ್ಲಿ ದೊಡ್ಡ ಕೆಲಸದಲ್ಲಿದ್ದ ಒಬ್ಬ ಮುದಿ ದೊರೆ ತನ್ನ ದೇಶಕ್ಕೆ ಹೊರಟಿದ್ದಾನೆ, ಎರಡು ಬಂದೂಕು ಮಾರುತ್ತಾನೆ ಎಂದು ಸುದ್ದಿ ಬಂತು. ದೊಡ್ಡಪ್ಪ ಲೈಸೆನ್ಸಿನ ಕೆಲಸ ಮುಗಿಸಿಕೊಂಡು, ಸ್ನಾನ ಪೂಜೆ ಮಾಡಿ, ಮಾವನನ್ನು ಕರೆದುಕೊಂಡು ಹೊರಟರು.

ದೊರೆ ಮೇಜಿನ ಮೇಲೆ ಎರಡನ್ನೂ ಇಟ್ಟ. ಒಂದು ಹಗುರವಾದದ್ದು. ಇನ್ನೊಂದು ನೊಗದ ಹಾಗೆ ಭಾರ. ಅದರ ನಳಿಗೆಯೊಳಗೆ ದೊಡ್ಡಪ್ಪನ ಕಿರುಬೆರಳು ಸಲೀಸಾಗಿ ಹೋಯಿತು. ದೊರೆಯ ಬಟ್ಲರ್ ಇಬ್ಬರಿಗೂ ನಡುವೆ ನಿಂತು ಮಾತು ಮುಟ್ಟಿಸುತ್ತಿದ್ದ.

"ಹಂದಿಗೆ ಚಿಕ್ಕದು ಸಾಕಂತೆ. ದೊಡ್ಡದು ಆನೆಗೆ, ಕಾಡುಕೋಣಕ್ಕೆ. ಮೈಮೇಲೆ ಏರಿ ಬರೋ ಮೃಗಕ್ಕೆ ಒಂದು ಗುಂಡು ತಪ್ಪಿದ್ರೆ ಇನ್ನೊಂದು ತಕ್ಷಣ ಕೈಲಿ ಇರ್ಬೇಕು ಅಂತ ಎರಡು ನಳಿಗೆ. ಎರಡೂ ಒಂದೇ ಕಡೆ ಹೊಡೆಯೋ ಹಾಗೆ ಕೂರಿಸಿದ್ದಾರಂತೆ."

"ಜೋಡಿ ಅಂದ್ಮೇಲೆ ಹಂಗೇ ಇರಬೇಕು," ಎಂದರು ದೊಡ್ಡಪ್ಪ. "ಒಂದು ಆ ಕಡೆ ಒಂದು ಈ ಕಡೆ ಎಳೆದ್ರೆ ಬಂಡಿ ಮುಂದಕ್ಕೆ ಹೋಗುತ್ತಾ?"

ದೊಡ್ಡಪ್ಪ ಜೀವಮಾನದಲ್ಲಿ ಎತ್ತು ಆರಿಸಿದ್ದರೇ ಹೊರತು ಬಂದೂಕು ಆರಿಸಿರಲಿಲ್ಲ. ಮೈಮೇಲಿನ ಕೂದಲ ಸುಳಿ ನೋಡಿ ಎತ್ತು ಆರಿಸುವುದರಲ್ಲಿ ಅವರನ್ನು ಮೀರಿಸಿದವರು ಇರಲಿಲ್ಲ. ಆ ಅಭ್ಯಾಸದಲ್ಲೇ ಚಿಕ್ಕ ಬಂದೂಕಿನ ಮರದ ಹಿಡಿಯನ್ನು ಬಿಸಿಲಿಗೆ ಹಿಡಿದು ಸವರಿದರು. ಮುಖ ಗಂಭೀರವಾಯಿತು.

"ಭಾವ, ಇಲ್ಲಿ ನೋಡು. ಕೆನ್ನೆ ತಾಗೋ ಜಾಗದಲ್ಲೇ ಕೆಟ್ಟ ಸುಳಿ. ಯಜಮಾನನಿಗೆ ಆಗಿಬರೋ ಸುಳಿ ಅಲ್ಲ ಇದು."

"ಅದು ಮರ ಭಾವ, ಎತ್ತಲ್ಲ," ಎಂದರು ಮಾವ.

"ಕಣ್ಣಿಗೆ ಕಾಣ್ತಾ ಐತಲ್ಲೋ! ಮರದ್ದಾದ್ರೇನು, ಸುಳಿ ಸುಳಿನೇ."

ದೊಡ್ಡ ಬಂದೂಕಿನ ಹಿಡಿಯಲ್ಲೂ ಒಂದು ಸುಳಿ ಇತ್ತು. ಅದನ್ನು ನೋಡಿ ದೊಡ್ಡಪ್ಪ ಕೈಮುಗಿದರು. ಮನೆ ತುಂಬಿಸುವ ಸುಳಿಯಂತೆ. ಆಮೇಲೆ ಅದನ್ನು ಹೆಗಲ ಮೇಲಿಟ್ಟುಕೊಂಡು ದೊರೆಯ ಬಂಗಲೆಗೆ ಸುತ್ತು ಹಾಕತೊಡಗಿದರು. ದೊರೆ ಗಾಬರಿಯಾಗಿ ಏನೋ ಕೇಳಿದ. ಮಾವ ಬಟ್ಲರನಿಗೆ ಹೇಳಿದರು: "ಏನಿಲ್ಲ ಅನ್ನಪ್ಪ. ನಡಿಗೆ ನೋಡ್ತಾವ್ರೆ."

ಕೊನೆಗೆ ಬೆಲೆಯ ಮಾತು. ದನದ ಜಾತ್ರೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದುಂಟೇ? ಬಟ್ಟೆಯ ಮರೆಯಲ್ಲಿ ಬೆರಳಿಗಿಷ್ಟು ಎಂದು ಅದುಮಿಯೇ ತಿಳಿಸಬೇಕು. ದೊಡ್ಡಪ್ಪ ಹೆಗಲ ಮೇಲಿನ ಟವೆಲನ್ನು ದೊರೆಯ ಕೈಮೇಲೆ ಹೊದಿಸಿ, ಒಳಗೆ ಕೈಹಾಕಿ, ಮೆಲ್ಲಗೆ ಒಂದು ಬೆರಳು ಅದುಮಿದರು. ದೊರೆಗೆ ಇದು ನಮ್ಮ ಕಡೆಯ ಬೀಳ್ಕೊಡುಗೆ ಎನ್ನಿಸಿರಬೇಕು. ಅವನು ಸಂತೋಷದಿಂದ ಐದೂ ಬೆರಳುಗಳನ್ನು ಹಿಡಿದು ಭುಜ ಕಳಚುವ ಹಾಗೆ ಕುಲುಕಿದ. ದೊಡ್ಡಪ್ಪ ಬೆವತುಹೋದರು.

"ಭಾವ, ನಡಿಯೋ ಹೋಗಾನ," ಎಂದರಂತೆ. "ಈಯಪ್ಪ ಕೇಳೋ ಬೆಲೆಗೆ ಕೆರೆ ಸಮೇತ ನಮ್ಮೂರು ಮಾರಿದ್ರೂ ಸಾಲಲ್ಲ."

ಬಟ್ಲರ್ ಬಾಯಲ್ಲೇ ವ್ಯಾಪಾರ ಕುದುರಿಸಿ ಮಾನ ಉಳಿಸಿದ.

ಎರಡು ಹಗ್ಗ

ಹಂದಿಗೆಂದು ಹೋದವರು ಆನೆ ಬಂದೂಕು ತಂದರು ಎಂದು ಊರೆಲ್ಲ ನಕ್ಕಿತು. ನಕ್ಕವರ ಬಾಯಿ ಮುಚ್ಚಿಸಲು ದೊಡ್ಡಪ್ಪ ಒಂದು ದಿನ ಎಲ್ಲರನ್ನೂ ಬತ್ತಿದ ಕೆರೆಯಂಗಳಕ್ಕೆ ಕರೆದರು. ಏರಿಯ ಮಣ್ಣಿಗೆ ಒಂದು ಹಳೆಯ ಮೊರ ಒರಗಿಸಿ ಗುರಿ ಮಾಡಿದ್ದಾಯಿತು. ದೊರೆ ಕೊಟ್ಟಿದ್ದ ನಾಲ್ಕು ತೋಟಾಗಳಲ್ಲಿ ಎರಡನ್ನು ತುಂಬಿದ್ದಾಯಿತು. ಆ ಬಂದೂಕಿಗೆ ಎರಡು ಕುದುರೆ, ಅಂದರೆ ಟ್ರಿಗರು, ನಳಿಗೆಗೆ ಒಂದರಂತೆ. ಒಂದನ್ನು ಎಳೆದು, ಆಮೇಲೆ ಇನ್ನೊಂದನ್ನು ಎಳೆಯಬೇಕು ಎಂದು ಬಟ್ಲರ್ ಹೇಳಿಯೇ ಕಳಿಸಿದ್ದ.

ಆದರೆ ದೊಡ್ಡಪ್ಪ ಬಂಡಿ ಹೊಡೆದ ಕೈ. ಜೋಡಿ ಎತ್ತಿನ ಹಗ್ಗಗಳಲ್ಲಿ ಒಂದನ್ನೇ ಎಳೆದರೆ ಬಂಡಿ ಹಳ್ಳಕ್ಕೆ ಬೀಳುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ಎರಡು ಬೆರಳು ಹಾಕಿ ಎರಡನ್ನೂ ಸಮವಾಗಿ ಎಳೆದರು.

ಆ ಸದ್ದನ್ನು ಬರೆದು ತೋರಿಸಲಾರೆ. ಹುಣಸೆ ಮರದ ಕಾಗೆಗಳು ಸಾಯಂಕಾಲದವರೆಗೆ ಮರಕ್ಕೆ ಬರಲಿಲ್ಲ. ಅಗಸರ ಕತ್ತೆಗಳು ಆಂಧ್ರದ ಗಡಿಯಲ್ಲಿ ಸಿಕ್ಕಿದವು. ಹೊಗೆ ತಿಳಿಯಾದಾಗ ಮೊರ ಇದ್ದಲ್ಲೇ ಇತ್ತು. ದೊಡ್ಡಪ್ಪ ಇರಲಿಲ್ಲ. ಹಿಂದೆ ಜೊಂಡಿನ ಮಧ್ಯೆ, ಬಂದೂಕನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮಲಗಿದ್ದರು. ಮಾವ ಓಡಿಹೋಗಿ ಎಬ್ಬಿಸಿದರು.

"ಗುಂಡು ಎತ್ತ ಹೋಯ್ತೋ?" ಎಂದರು ದೊಡ್ಡಪ್ಪ.

"ಗುಂಡು ಯಾವನು ನೋಡ್ದ ಭಾವ? ನೀವು ಎತ್ತ ಹೋಗ್ತೀರಿ ಅಂತ ನೋಡ್ತಿದ್ವಿ."

ದೊಡ್ಡಪ್ಪ ಮೈಗೆ ಹತ್ತಿದ ಮಣ್ಣು ಕೊಡವಿಕೊಂಡು ಎಲ್ಲರ ಕಡೆಗೆ ಹೆಮ್ಮೆಯಿಂದ ತಿರುಗಿದರು. "ಹಿಂದುಗಡೆಯಿಂದಲೇ ಇಷ್ಟು ಹೊಡೀತು ಅಂದ್ರೆ, ಮುಂದುಗಡೆ ಇರೋನ ಗತಿ ಯೋಚ್ನೆ ಮಾಡಿ!"

ಹಂದಿಗಳು ಯೋಚನೆ ಮಾಡಿರಬೇಕು. ಆ ವರ್ಷ ನಮ್ಮ ಹೊಲದ ಕಡೆ ಒಂದೂ ಸುಳಿಯಲಿಲ್ಲ. ಉಳಿದ ಎರಡು ತೋಟಾಗಳು ದೇವರ ಮನೆ ಸೇರಿದವು.

ಬೀಗರು

ದೊಡ್ಡಪ್ಪನ ಮಗಳಿಗೆ ಶ್ರೀನಿವಾಸಪುರದ ಕಡೆ ಸಂಬಂಧ ಕೂಡಿತು. ಬೀಗರದು ದೊಡ್ಡ ಮಾವಿನ ತೋಪು. ಮೊದಲ ಸಲ ಬಂದವರು ಮನೆ ನೋಡಲಿಲ್ಲ, ದನ ನೋಡಲಿಲ್ಲ, ಬಂದೂಕು ಕೇಳಿದರು. ನೋಡಿ ಬಾಯಿಬಿಟ್ಟರು. ಊಟವಾದ ಮೇಲೆ ಬೀಗರು ಮೆಲ್ಲಗೆ ಬಾಯಿ ತೆಗೆದರು: "ನಮ್ಮ ತೋಪಲ್ಲಿ ಕೋತಿ ಕಾಟ ಬಾವಗಾರು. ಕಾಯಿ ಕಾಲದಲ್ಲಿ ಇದನ್ನ ತಗೊಂಡು ನೀವೊಂದು ಸಲ ಬಂದ್ರೆ..."

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ನಿಲ್ಲಿಸಿದರು.

"ಬೀಗರೇ, ಕೋತಿ ಆಂಜನೇಯಸ್ವಾಮಿ ಕುಲ, ಹೊಡೆಯೋ ಹಾಗಿಲ್ಲ. ಅದು ಹೋಗಲಿ. ಆನೆಗೆ ಅಂತ ಹುಟ್ಟಿದ್ದನ್ನ ಕೋತಿ ಮುಂದೆ ಹಿಡಿದ್ರೆ ನಾಳೆ ಇದು ನನ್ನ ಮುಖ ನೋಡುತ್ತಾ? ಬೇಕಿದ್ರೆ ನಿಮ್ಮ ಮೇಲಿನ ವಿಶ್ವಾಸಕ್ಕೆ ನಾನೊಬ್ಬನೇ ಬಂದು ಕೋತಿ ಓಡಿಸ್ತೀನಿ."

ಹಾಗೇ ಹೋದರು ಕೂಡ. ಕಾಯಿ ಕಾಲವೆಲ್ಲ ಬರಿಗೈಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದರು. ಬಂದೂಕು ಮನೆಯಲ್ಲಿ ಮಾನವಾಗಿ ಇತ್ತು.

ಕಲ್ಲಾನೆ

ಇಷ್ಟು ಮಾನದಿಂದ ಇದ್ದ ಬಂದೂಕಿಗೆ ಎಂಬತ್ತರ ದಶಕದ ಆರಂಭದಲ್ಲಿ ಕಂಟಕ ಬಂತು. ಸರ್ಕಾರ ಬೇಟೆ ನಿಲ್ಲಿಸಿ ವರ್ಷಗಳೇ ಆಗಿದ್ದವು. ಲೈಸೆನ್ಸು ಹೊಸದು ಮಾಡಿಸಲು ದೊಡ್ಡಪ್ಪನ ಜೊತೆ ನಾನೂ ಕೋಲಾರಕ್ಕೆ ಹೋಗಿದ್ದೆ. ಕಚೇರಿಯ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.

"ಯಜಮಾನ್ರೇ, ಇದು ಆನೆ ಹೊಡೆಯೋ ಬಂದೂಕು. ನಿಮ್ಮ ತಾಲೂಕಲ್ಲಿ ಆನೆ ಎಲ್ಲಿದೆ?"

ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ಮನಸ್ಸಿನಲ್ಲೇ ತಾಲೂಕನ್ನೆಲ್ಲ ಒಂದು ಸುತ್ತು ಹಾಕಿದರು.

"ಆವನಿ ಗುಡೀಲಿ ಕಲ್ಲಾನೆ ಐತೆ ಸ್ವಾಮಿ."

ಇಡೀ ಕಚೇರಿ ನಕ್ಕಿತು. ನಗು ಮುಗಿದ ಮೇಲೆ ಗುಮಾಸ್ತರು ಮೆತ್ತಗೆ ಹೇಳಿದರು: "ಕಾರಣ ಇಲ್ದೆ ಮುಂದುವರಿಸೋಕೆ ಆಗಲ್ಲ. ದಸರಾ ಕಳೀಲಿ. ಆಮೇಲೆ ತಂದು ಠಾಣೆಗೆ ಒಪ್ಪಿಸಿಬಿಡಿ."

ಮುಳಬಾಗಿಲಲ್ಲಿ ಬಸ್ಸಿಳಿದ ದೊಡ್ಡಪ್ಪ ಊರಿಗೆ ಬರದೆ ಕುರುಡುಮಲೆಗೆ ನಡೆದರು. ಅಲ್ಲಿನ ದೊಡ್ಡ ಗಣಪನ ಮುಂದೆ ಕೈಮುಗಿದು ನಿಂತು ಗಟ್ಟಿಯಾಗಿಯೇ ಬೇಡಿಕೊಂಡರು: "ಅಪ್ಪಾ, ಅದು ಮನೆ ಬಿಟ್ಟು ಹೋಗದ ಹಾಗೆ ನೀನೇ ಏನಾದ್ರೂ ಮಾಡು."

ಹೊರಗೆ ಬಂದ ಮೇಲೆ ನಾನು ಕೇಳಿದೆ: "ದೊಡ್ಡಪ್ಪ, ಆನೆ ಹೊಡೆಯೋ ಬಂದೂಕು ಉಳಿಸಪ್ಪ ಅಂತ ಆನೆ ಮುಖದ ದೇವರನ್ನ ಕೇಳೋದಾ?"

ದೊಡ್ಡಪ್ಪನ ಕಾಲು ಅಲ್ಲೇ ನಿಂತವು. ಒಳಗೆ ಹೋಗಿ, ಹೊಡೆಯುವುದಿಲ್ಲ, ಇಟ್ಟುಕೊಳ್ಳುತ್ತೇನೆ ಅಷ್ಟೆ ಎಂದು ಇನ್ನೊಂದು ಸಲ ಹೇಳಿ ಬಂದರು.

ಸೀನು

ಕೊನೆಯ ಆಯುಧಪೂಜೆ ಎಂದು ದೊಡ್ಡಪ್ಪ ಆ ವರ್ಷ ಅದ್ದೂರಿಯಾಗಿ ಮಾಡಿದರು. ಅಂಗಳದಲ್ಲಿ ನೇಗಿಲು, ಕುಡುಗೋಲು, ಗುದ್ದಲಿ, ಎಲ್ಲದರ ನಡುವೆ ಮಣೆಯ ಮೇಲೆ ಬಂದೂಕು. ಅದರ ಎರಡು ಪಕ್ಕಕ್ಕೂ ಬಾಳೆಕಂದು, ಕಬ್ಬಿನ ಜಲ್ಲೆ. ಮುಂದೆ ಬೂದುಗುಂಬಳ. ನಳಿಗೆಗಳಿಗೆ ವಿಭೂತಿಯನ್ನು ಧಾರಾಳವಾಗಿ ಬಳಿದದ್ದರಿಂದ ಅರ್ಧ ಬಾಯೊಳಗೇ ಹೋಗಿತ್ತು. ಮಂಗಳಾರತಿ ಆಯಿತು. ನಮ್ಮಲ್ಲಿ ಪೂಜೆಯಾದ ಮೇಲೆ ಆ ದಿನ ಯಾವ ಆಯುಧವನ್ನೂ ಮುಟ್ಟುವಂತಿಲ್ಲ. ಸೌತೆಕಾಯಿ ಹೆಚ್ಚುವ ಈಳಿಗೆಮಣೆಗೂ ಅಂದು ರಜೆ.

ಅಷ್ಟರಲ್ಲಿ ಕೆರೆ ಕಡೆಯಿಂದ ಕೂಗು: "ಏನುಗು! ಏನುಗು ವಚ್ಚಿಂದಿ!" ನಮ್ಮ ಊರಿನವರು ಹೆದರಿಕೆಯಾದರೆ ತೆಲುಗಿಗೇ ತಿರುಗುತ್ತಾರೆ. ಆನೆ ಎಂದರೆ ಯಾರು ನಂಬಬೇಕು? ಆದರೆ ಏರಿ ಇಳಿದು ಬರುತ್ತಿತ್ತು. ಕಲ್ಲಿನದಲ್ಲ. ಗಡಿಯಾಚೆಯ ಕಾಡಿಂದ ದಾರಿ ತಪ್ಪಿ ಬಂದ ಒಂಟಿ ಸಲಗ.

ನಾವೆಲ್ಲ ಮಾಳಿಗೆ ಹತ್ತಿದೆವು. ದೊಡ್ಡಮ್ಮ ದೊಡ್ಡಪ್ಪನನ್ನು ತಿವಿದರು. "ಇಷ್ಟು ವರ್ಷ ಎಣ್ಣೆ ಹಾಕಿ ಸಾಕಿದ್ರಲ್ಲ, ಎಲ್ರೀ ನಿಮ್ಮ ಬಂದೂಕು?"

"ಕೆಳಗೈತೆ."

"ತಗೊಂಡು ಬರೋದಲ್ವಾ?"

"ಪೂಜೆ ಆಗೈತೆ ಕಣೇ. ಇವತ್ತು ಮುಟ್ಟೋ ಹಾಗಿಲ್ಲ."

"ಅಯ್ಯೋ, ಅದು ಆನೆಗೂ ಗೊತ್ತೇನೋ! ದಿನ ನೋಡ್ಕೊಂಡೇ ಬಂದೈತೆ."

ಸಲಗ ಅಂಗಳಕ್ಕೆ ಬಂತು. ನಿಧಾನವಾಗಿ ಒಂದು ಪಕ್ಕದ ಕಬ್ಬು ತಿಂದಿತು. ಇನ್ನೊಂದು ಪಕ್ಕದ ಕಬ್ಬು ತಿಂದಿತು. ಬಾಳೆಕಂದು ಮುಗಿಸಿತು. ಕುಂಬಳಕಾಯಿಯನ್ನು ಕಾಲಲ್ಲಿ ಒತ್ತಿ ಒಡೆದು ಬಾಯಿಗಿಟ್ಟಿತು. ದೊಡ್ಡಪ್ಪ ಕೈಮುಗಿದುಕೊಂಡು ಪಿಸುಗುಟ್ಟುತ್ತಿದ್ದರು: "ತಿನ್ನಪ್ಪ, ತಿನ್ನು. ಬಂದೂಕೊಂದು ತುಳೀಬೇಡ." ಎಲ್ಲ ಮುಗಿದ ಮೇಲೆ ಸಲಗ ಸೊಂಡಿಲನ್ನು ತಂದು ಎರಡು ನಳಿಗೆಯ ಬಾಯಿಗೂ ಸರಿಯಾಗಿ ಇಟ್ಟು, ಉಸಿರನ್ನು ಜೋರಾಗಿ ಒಳಕ್ಕೆ ಎಳೆಯಿತು.

ವಿಭೂತಿಯೆಲ್ಲ ಸೊಂಡಿಲು ಸೇರಿತು.

ಆನೆ ಸೀನಿದ್ದನ್ನು ನಾನು ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮಾಳಿಗೆಯ ಮಣ್ಣು ಉದುರಿತು. ಬಿಳಿ ಹೊಗೆಯ ಹಾಗೆ ಬೂದಿ ಎದ್ದಿತು. ಊರಿಗೆ ಊರೇ ಬಂದೂಕು ಹಾರಿತು ಎಂದುಕೊಂಡಿತು. ಆನೆಯೂ ಹಾಗೇ ಅಂದುಕೊಂಡಿತೆಂದು ಕಾಣುತ್ತದೆ. ಬಾಲ ಎತ್ತಿಕೊಂಡು ಬಂದ ದಾರಿಯಲ್ಲೇ ಓಟ ಕಿತ್ತಿತು.

ದಸರಾ ಕಳೆದ ಮೇಲೆ ಕೋಲಾರಕ್ಕೆ ಹೋದೆವು. ಸುದ್ದಿ ಮೊದಲೇ ಮುಟ್ಟಿತ್ತು. ಗುಮಾಸ್ತರು ಎದ್ದು ಕುರ್ಚಿ ಕೊಟ್ಟರು.

"ಒಂದು ಗುಂಡೂ ಹಾರಿಸ್ದೆ ಆನೆ ಓಡಿಸಿದ್ರಂತೆ?"

ದೊಡ್ಡಪ್ಪ ಎರಡು ತೋಟಾಗಳನ್ನೂ ಮೇಜಿನ ಮೇಲಿಟ್ಟರು. ಕುಂಕುಮ ಕೂಡ ಅಳಿಸಿರಲಿಲ್ಲ.

"ನಾನೆಲ್ಲಿ ಓಡಿಸ್ದೆ ಸ್ವಾಮಿ? ಕಾರಣ ಇಲ್ಲ ಅಂದಿದ್ರಲ್ಲ. ಕಾರಣ ತಾನೇ ನಡ್ಕೊಂಡು ಬಂತು, ಪ್ರಸಾದ ತಿಂತು, ವಿಭೂತಿ ಹಚ್ಕೊಂಡು ಹೋಯ್ತು."

ಲೈಸೆನ್ಸು ಮುಂದುವರಿಯಿತು. ಬಂದೂಕು ಮನೆಯಲ್ಲೇ ಉಳಿಯಿತು. ಆ ಸುಳಿ ಮನೆ ತುಂಬಿಸುವ ಸುಳಿಯೇ ಎಂದು ತಿಮ್ಮರಾಯಪ್ಪ ಮಾವ ಕೂಡ ಕೊನೆಗೆ ಒಪ್ಪಿಕೊಂಡರು.

ಓದಿದವರು ಇದನ್ನು ನಾಲ್ಕು ಜನಕ್ಕೆ ಹೇಳಿ, ನಿಮ್ಮ ಮಕ್ಕಳಿಗೂ ಹೇಳಿ. ಒಂದೇ ಒಂದು ಬೇಡಿಕೆ. ಆ ದಿನ ಮಾಳಿಗೆಯ ಮೇಲೆ ಸೀನಿದ್ದು ದೊಡ್ಡಪ್ಪ, ಅದಕ್ಕೇ ಆನೆ ಓಡಿತು ಎಂದು ಶ್ರೀನಿವಾಸಪುರದ ಬೀಗರು ಕಥೆ ಹಬ್ಬಿಸಿದ್ದಾರೆ. ನೀವು ಹೇಳುವಾಗ ದಯವಿಟ್ಟು ಸರಿಯಾಗಿ ಹೇಳಿ. ದೊಡ್ಡಪ್ಪ ಸೀನಿದ್ದು ನಿಜ. ಆದರೆ ಆನೆ ಸೀನಿದ ಮೇಲೆ.