ತಡೆದುಕೊಳ್ಳಲಾಗದ ಸಂವಾದ

ಮೈಕು ಕೈಗೆ ಸಿಕ್ಕರೆ ನಾನು ಒಳ್ಳೆಯ ಮನುಷ್ಯನಾಗಿಬಿಡುತ್ತೇನೆ. ಇದು ನನ್ನ ಹಳೆಯ ಕಾಯಿಲೆ. ಮನೆಯಲ್ಲಿ ಉಂಡ ತಾಟು ಎತ್ತಿಡದವನು, ವೇದಿಕೆ ಹತ್ತಿದ ಕೂಡಲೇ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ಕಣ್ಣೊದ್ದೆ ಮಾಡಿಕೊಂಡು ಮಾತಾಡುತ್ತೇನೆ. "ಅಡಗಿ ಮನ್ಯಾಗೂ ಒಂದು ಮೈಕ್ ಹಾಕಸೂಣೇನ್ರಿ?" ಎಂದು ಹೆಂಡತಿ ಒಮ್ಮೆ ಕೇಳಿದ್ದುಂಟು.

ಮೂಡಲಗಿಯ ಒಂದು ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರದ ಮಾಸ್ತರ. ಕುಲಗೋಡದಿಂದ ದಿನಾ ಬಸ್ಸಿಗೆ ಬರುತ್ತೇನೆ. ಹೋದ ವರ್ಷ ಪ್ರಿನ್ಸಿಪಾಲರು ಕರೆದು, "ಸಾಮಾಜಿಕ ನ್ಯಾಯದ ಮ್ಯಾಲ ಒಂದು ಮುಕ್ತ ಸಂವಾದ ಆಗಬೇಕ್ರಿ. ಮುಕ್ತ ಅಂದ್ರ, ಎರಡಕ್ಕ ಮುಗೀಬೇಕು" ಎಂದರು. ಗೋಕಾಕದಿಂದ ನಿವೃತ್ತ ಪ್ರಾಧ್ಯಾಪಕರೊಬ್ಬರನ್ನು ಕರೆಸಿದೆವು. ಅವರು ಮುಕ್ಕಾಲು ತಾಸು, ನಾನು ಮುಕ್ಕಾಲು ತಾಸು, ಇಬ್ಬರೂ ಸೇರಿ ಅಸಮಾನತೆಯನ್ನು ಬೇರುಸಹಿತ ಕಿತ್ತೆವು. ಪ್ರಶ್ನೆ ಕೇಳಿರೆಂದರೆ ಹುಡುಗರು ಗಡಿಯಾರ ನೋಡಿದರು. ಸಭೆ ಸಪ್ಪಗಾಗುವುದನ್ನು ಕಂಡು, ಬಾಗಿಲ ಬಳಿ ಕಸಬರಿಗೆ ಹಿಡಿದು ನಿಂತಿದ್ದ ನೀಲವ್ವನನ್ನು ವೇದಿಕೆಗೆ ಕರೆದೆ. ಕಾಲೇಜಿನ ಕಸ ಗುಡಿಸುವುದು, ಶೌಚಾಲಯ ತೊಳೆಯುವುದು ಅವಳ ಕೆಲಸ. "ದನಿ ಇಲ್ಲದವರಿಗೆ ದನಿ ಕೊಡೋಣ" ಎನ್ನುತ್ತ ಮೈಕು ಅವಳ ಕೈಗಿಟ್ಟೆ. ಚಪ್ಪಾಳೆ ಬಿತ್ತು.

ನೀಲವ್ವ ಮೈಕನ್ನು ಸೆರಗಿನಿಂದ ಒರೆಸಿ, "ಮೇಡಮ್ಮರ ಪಾಯಖಾನಿ ದಿನಾ ನಾನ ತೊಳೀತೇನ್ರಿ. ತೊಳದ ಕೂಡಲೆ ಕೀಲಿ ಹಾಕ್ತೀರಿ. ಹುಡಗ್ಯಾರದರಾಗ ನೀರಿಲ್ಲ. ನಾ ಬಸ್‌ಸ್ಟ್ಯಾಂಡಿಗೆ ಹೋಗಬೇಕು. ನಾ ತೊಳದದ್ರಾಗ ನಾ ಹೋಗಬಹುದೇನ್ರಿ?" ಎಂದಳು.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ವೇದಿಕೆಯ ಮೇಲಿದ್ದವರೆಲ್ಲ ಓದಿದವರು. ಗೋಕಾಕದ ಅತಿಥಿಗಳು ಕಣ್ಣು ಮುಚ್ಚಿ, "ಇದು ಬರೇ ಪಾಯಖಾನಿ ಪ್ರಶ್ನೆ ಅಲ್ಲ, ವ್ಯವಸ್ಥಾದ ಪ್ರಶ್ನೆ" ಎಂದರು. ಇತಿಹಾಸದ ಮಾಸ್ತರರು ಶಿಲಾಯುಗದಿಂದ ಹೊರಟರು. ಪ್ರಿನ್ಸಿಪಾಲರು ಉಪಸಮಿತಿ ಘೋಷಿಸಿದರು. ಅದರಲ್ಲಿ ಯಾರ್ಯಾರಿಗೆ ಪ್ರಾತಿನಿಧ್ಯ ಎಂಬುದರ ಮೇಲೆ ಬೇರೆಯದೇ ಸಂವಾದ ಶುರುವಾಯಿತು. ನೀಲವ್ವ ಇಳಿಯಹೋದಳು. ನಾನು ತಡೆದು, "ನಿನ್ನ ಬಿಟ್ಟು ನಿನ್ನ ಬಗ್ಗೆ ಮಾತಾಡಿದ್ರ ಅದು ಅನ್ಯಾಯ ಆಗತೈತಿ" ಎಂದು ಕುರ್ಚಿಯಲ್ಲಿ ಕೂರಿಸಿದೆ. ಅವಳು ಕೂತಳು, ಎದ್ದಳು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದಳು. ತಾಸಾಯಿತು. ಅತಿಥಿಗಳು ಆ ಚಡಪಡಿಕೆಯನ್ನು ಸಭೆಗೆ ತೋರಿಸಿ, "ನೋಡ್ರಿ, ಶತಮಾನಗಳ ತಳಮಳ" ಎಂದರು.

ಕೊನೆಗೆ ಅವಳು ಮೈಕನ್ನು ಅವರ ಕೈಯಿಂದ ತಗೊಂಡು, ನನ್ನ ಕಡೆ ತಿರುಗಿ, ತಣ್ಣಗೆ, "ಸರ, ನಾ ಈಗ ಹೋಗೂದ ಕೇಳಾಕತ್ತೇನ್ರಿ. ಕೀಲಿ ನಿಮ್ಮ ಕಿಸೇದಾಗ ಐತಿ" ಎಂದಳು.

ಇತ್ತು. ಸ್ವಚ್ಛತಾ ಸಮಿತಿಯ ಸಂಚಾಲಕನೆಂದು ಎಲ್ಲ ಬಾಗಿಲಿನ ಕೀಲಿಯೂ ನನ್ನ ಹತ್ತಿರವೇ. ನೌಕರಿಯಲ್ಲಿ ನನಗೆ ಸಿಕ್ಕ ಒಂದೇ ಅಧಿಕಾರ ಅದು. ತೆಗೆದುಕೊಟ್ಟೆ. ಅವಳು ಓಡಿದಳು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು, ನನಗೆ. ಕೀಲಿ ತಿರುಗಿ ಬರಲಿಲ್ಲ. "ಮುಂಜಾನಿ ಮೊದ್ಲ ಬರಾಕಿ ನಾನ, ನನ್ನ ಹಂತ್ಯಾಕ ಇರಲಿ ಬಿಡ್ರಿ" ಎಂದಳು. ಉಪಸಮಿತಿ ಇನ್ನೂ ಸೇರಿಲ್ಲ.

ಸುದ್ದಿ ಹಬ್ಬಿ ಹುಕ್ಕೇರಿಯ ಒಂದು ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದರು. ನಾನು ಹೇಳಿದ ಕಥೆಯಲ್ಲಿ, ಪ್ರಶ್ನೆ ಕೇಳಿದ ಕೂಡಲೇ ನಾನೇ ಎದ್ದು ಕೀಲಿ ಕೊಟ್ಟಿದ್ದೆ. ಶಾಲು ಹೊದಿಸಿದರು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ನೀಲವ್ವ ಎಷ್ಟ ವರ್ಷದಿಂದ ಅಲ್ಲಿ ಕೆಲಸ ಮಾಡಾಕತ್ತಾರ್ರಿ ಸರ?" ಎಂದಳು.

"ಹನ್ನೊಂದು."

"ಕೀಲಿ ನಿಮ್ಮ ಹತ್ರ ಎಷ್ಟ ವರ್ಷ ಇತ್ರಿ?"

"ಒಂಬತ್ತು" ಎಂದೆ. ಅವಳು ಥ್ಯಾಂಕ್ಸ್ ಹೇಳಿ ಕುಳಿತುಬಿಟ್ಟಳು. ನಾನು ಶಾಲು ತೆಗೆದು ಮಡಚತೊಡಗಿದೆ.

ಮನಸ್ಸು ತಡೆಯದೆ ಮರುದಿನ ಇದನ್ನು ನೀಲವ್ವನಿಗೇ ಹೇಳಿದೆ. ಅವಳು ನಕ್ಕು, "ನನ್ನ ಕಥಿ ಹೇಳಿ ನೀವು ಶಾಲು ಹೊಚ್ಚಿಸ್ಕೊಂಡ್ರಿ. ಮುಂದಿನ ಸಲ ನನ್ನೂ ಕರಕೊಂಡ ಹೋಗ್ರಿ, ಆವತ್ತ ಏನೇನಾತು ನಾನ ಹೇಳ್ತೇನಿ" ಎಂದಳು.

"ಖರೆ, ಹೋಗೂಣು" ಎಂದೆ. ಮೊನ್ನೆ ಮಸಗುಪ್ಪಿ ಊರಿನವರು ಅದೇ ಕಥೆ ಬೇಕೆಂದು ಫೋನ್ ಮಾಡಿದ್ದರು. ಗಂಟಲು ಪೂರ್ತಿ ಕೂತಿದೆ, ಮಾತೇ ಹೊರಡುತ್ತಿಲ್ಲ ಎಂದು ಹತ್ತು ನಿಮಿಷ ವಿವರವಾಗಿ ತಿಳಿಸಿ ಹೇಳಿದೆ.