ಹೆಪ್ಸಿಬಾ ಅತ್ತೆಯ ಮಂಚದ ಕಾಲು

ಹ್ಯೂಬರ್ಟ್ ಪೋಕಾಕ್ ಆರಡಿ ನಾಲ್ಕಂಗುಲದ ಆಳು. ಅವನ ಮನೆಯ ಸೂರು ನೆಲದಿಂದ ಆರೇ ಅಡಿ. ಮದುವೆಯಾಗಿ ಆರು ವರ್ಷ ಅವನು ಸ್ವಂತ ಮನೆಯಲ್ಲಿ ಬಗ್ಗಿಕೊಂಡೇ ಓಡಾಡಿದ್ದ. ಬಗ್ಗುವುದು ಮರೆತಾಗಲೆಲ್ಲ ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬೋರೆ ಏಳುತ್ತಿತ್ತು.

ಆ ಶನಿವಾರ ಬೆಳಗ್ಗೆ ಟೋಸ್ಟಿಗೆ ಬೆಣ್ಣೆ ಸವರುತ್ತ ಕಾಗದ ಒಡೆದವನು ಗಾಬರಿಯಲ್ಲಿ ಎದ್ದು ನಿಂತ. ಢಬ್!

"ಮೇವಿಸ್! ನಿಮ್ಮ ಹೆಪ್ಸಿಬಾ ಅತ್ತೆ ನಾಲ್ಕು ಗಂಟೆ ಬಸ್ಸಿಗೆ ಬರ್ತಾರಂತೆ!"

"ಬರ್ಲಿ ಬಿಡಿ. ಕೇಕ್ ಇದೆ."

"ಕೇಕ್ ತಿನ್ನೋಕಲ್ಲ ಕಣೇ, ಮಂಚ ನೋಡೋಕೆ! ಅವರು ಸಮುದ್ರದ ಕಡೆ ತಂಗಿ ಮನೆಗೆ ಹೋಗಿಬಿಡ್ತಾರಂತೆ. ದೊಡ್ಡ ಮನೆ ನಮಗೋ ನಿಮ್ಮ ತಮ್ಮ ಕತ್‌ಬರ್ಟ್‌ಗೋ ಅನ್ನೋದು ಮಂಚ ನೋಡಿದ ಮೇಲೆ ತೀರ್ಮಾನವಂತೆ!"

ಮೇವಿಸ್ ಕೈಯಲ್ಲಿದ್ದ ಟೀ ಪಾತ್ರೆ ಅಲ್ಲೇ ನಿಂತಿತು. ಅತ್ತೆಯ ಮನೆಯ ಸೂರು ಹನ್ನೆರಡು ಅಡಿ. ಪ್ರತಿ ಕ್ರಿಸ್‌ಮಸ್ಸಿಗೆ ಅಲ್ಲಿಗೆ ಹೋದಾಗ ಹ್ಯೂಬರ್ಟ್ ಬರೀ ಖುಷಿಗೆ ಟೋಪಿ ಹಾಕಿಕೊಂಡು ಕೋಣೆಯಿಂದ ಕೋಣೆಗೆ ತಿರುಗುತ್ತಿದ್ದ. ಆ ಮನೆ ಸಿಕ್ಕರೆ ಅವನ ತಲೆ ಬದುಕಿಕೊಳ್ಳುತ್ತಿತ್ತು.

ಇನ್ನು ಆ ಮಂಚದ ಚರಿತ್ರೆಯೋ, ಅತ್ತೆ ವರ್ಷವರ್ಷವೂ ಹೇಳಿ ಎಲ್ಲರಿಗೂ ಬಾಯಿಪಾಠ ಆಗಿತ್ತು. ನಾಲ್ಕು ಕಂಬದ ಆ ಓಕ್ ಮಂಚವನ್ನು ಯಾರೋ ಲಾರ್ಡ್ ಮೂರನೇ ಹೆಂಡತಿಗೆಂದು ಮಾಡಿಸಿದ್ದ. ಆಕೆ ಅವನನ್ನು ಮಣ್ಣು ಮಾಡಿ ತೊಂಬತ್ತಾರನೇ ವಯಸ್ಸಿನವರೆಗೆ ಅದರಲ್ಲೇ ಗೊರಕೆ ಹೊಡೆದಳು. ಅವಳ ಮೈದುನನ ಮಗ ಅದನ್ನು ಇಸ್ಪೀಟಿನಲ್ಲಿ ಒಬ್ಬ ಹಡಗಿನ ಕಪ್ತಾನನಿಗೆ ಸೋತ. ಕಪ್ತಾನ ಹೇಗೋ ಅದನ್ನು ಹಡಗಿನ ಪುಟ್ಟ ಕೋಣೆಗೆ ತುರುಕಿ ಎರಡು ಸಲ ಜಮೈಕಾ ತೋರಿಸಿಕೊಂಡು ಬಂದ. ಅವನ ವಿಧವೆಯಿಂದ ಅದನ್ನು ಕೊಂಡವರು ಅತ್ತೆಯ ತಂದೆ ಓಬದಾಯ ಪ್ಯಾಡಕ್. ಇವರು ಜಿಲ್ಲೆಯ ಪಾನವಿರೋಧಿ ಸಂಘದ ಅಧ್ಯಕ್ಷರು. ಅವರಿಂದ ಅತ್ತೆಗೆ, ಅತ್ತೆಯಿಂದ ಮದುವೆಯ ಉಡುಗೊರೆಯಾಗಿ ಮೇವಿಸ್‌ಗೆ ಬಂತು.

ಮನೆಗೆ ಬಂದ ಮಂಚ ಸೂರಿನಡಿ ನಿಲ್ಲಲೇ ಇಲ್ಲ. ಹೊಸ ಮದುಮಗ, ಮಲಗುವ ಆತುರ ಬೇರೆ. ಪ್ರತಿ ಕಾಲಿನಲ್ಲೂ ನೆಲದಿಂದ ಹತ್ತಂಗುಲ ಮೇಲೆ ಒಂದು ಗೆರೆ, ಇಲ್ಲಿ ಕೊಯ್ಯಪ್ಪಾ ಎನ್ನುವ ಹಾಗೆ ಕಂಡಿತು. ಅಲ್ಲೇ ಗರಗಸ ಇಟ್ಟ. ಉಳಿದ ನಾಲ್ಕು ತುಂಡನ್ನು ಪಬ್ಬಿನ ಜೆಥ್ರೋ ಸ್ಟಕ್ಕಿಗೆ ಕೊಟ್ಟುಬಿಟ್ಟ.

ಜೆಥ್ರೋ ಕುಣಿದಾಡಿದ್ದ. ಒಂಬತ್ತು ಗೂಟ ನಿಲ್ಲಿಸಿ ಚೆಂಡು ಉರುಳಿಸಿ ಬೀಳಿಸುವ ಸ್ಕಿಟಲ್ಸ್ ಆಟಕ್ಕೆ ಅವನ ಪಬ್ಬು ಹೆಸರುವಾಸಿ. "ನಮ್ಮ ತಾತನ ಕಾಲದಲ್ಲೇ ನಾಲ್ಕು ಗೂಟ ಮಾಯ ಆಗಿದ್ವು ಕಣಯ್ಯಾ. ಇವು ನೋಡು, ಅಳತೆ ಕೊಟ್ಟು ಮಾಡಿಸ್ದಂಗಿವೆ!"

ಈಗ ಹ್ಯೂಬರ್ಟ್ ಏದುಸಿರು ಬಿಡುತ್ತ ಅದೇ ಪಬ್ಬಿಗೆ ಓಡಿದ.

"ಆಗಲ್ಲ," ಅಂದ ಜೆಥ್ರೋ. "ಸಂಜೆ ಮೇಲೂರಿನವರ ಜೊತೆ ಪಂದ್ಯ. ಐದು ಗೂಟ ಇಟ್ಕೊಂಡು ಅವರ ಮುಂದೆ ನಗೆಪಾಟಲು ಆಗ್ಲಾ?"

"ಜೆಥ್ರೋ, ನನ್ನ ತಲೆ ನೋಡು!"

ಜೆಥ್ರೋ ನೋಡಿದ. ಹಳೆ ಬೋರೆಯ ಮೇಲೆ ಹೊಸದು, ಅದರ ಪಕ್ಕ ಇನ್ನೊಂದು. "ಸರಿ, ತಗೊಂಡು ಹೋಗು, ಪಂದ್ಯದ ಹೊತ್ತಿಗೆ ವಾಪಸ್ ತಾ. ಆದ್ರೆ ಇನ್ಮೇಲೆ ಪ್ರತಿ ಪಂದ್ಯಕ್ಕೂ ಬಿದ್ದ ಗೂಟ ಎತ್ತಿ ನಿಲ್ಲಿಸೋ ಕೆಲಸ ನಿಂದೇ. ಸಾಯೋವರೆಗೆ."

"ಆಯ್ತು ಮಾರಾಯ! ಯಾರಾದ್ರೂ ಕೇಳಿದ್ರೆ ಮಾತ್ರ, ಇವನ್ನ ನೀನು ಕಂಡೇ ಇಲ್ಲ. ಆಣೆ ಮಾಡು."

ಜೆಥ್ರೋ ಪೀಪಾಯಿ ಮುಟ್ಟಿ ಆಣೆ ಮಾಡಿದ. ಸಿಕ್ಕಿದ್ದು ಮೂರೇ ಗೂಟ. ನಾಲ್ಕನೆಯದನ್ನು ತಂಡದ ನಾಯಕರಾದ ಪಾದ್ರಿಗಳು ಪಾಲಿಶ್ ಮಾಡಲು ಮನೆಗೆ ಒಯ್ದಿದ್ದರು. ಹ್ಯೂಬರ್ಟ್ ಅಲ್ಲಿಗೂ ಓಡಿ, ಅದೇ ಆಣೆ ಕೇಳಿದ.

"ಸುಳ್ಳು ಹೇಳೋಕಾಗಲ್ಲಪ್ಪ, ಈ ಅಂಗಿ ಬಿಡಲ್ಲ," ಅಂದರು ಪಾದ್ರಿಗಳು. "ಬೇಕಾದ್ರೆ ತುಟಿ ಬಿಚ್ಚಲ್ಲ. ಅಷ್ಟು ಮಾತು ಕೊಡ್ತೀನಿ."

ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಾಲಿಗೂ ಅಂಟು, ಮೊಳೆ, ಮೇಲೆ ಕಂದು ಬೂಟ್ ಪಾಲಿಶ್. ಎಲ್ಲ ಸರಿ, ಮಂಚ ಮಾತ್ರ ಮತ್ತೆ ಸೂರಿನಡಿ ಹಿಡಿಯದು.

"ಸೂರು ಕೊರೀರಿ," ಅಂದಳು ಮೇವಿಸ್. "ಹೇಗೂ ಆ ಮನೆಗೆ ಹೋಗೋರು ನಾವು."

ಕೊರೆದ. ಗಾರೆ ಸುಣ್ಣವೆಲ್ಲ ತಲೆ ಮೇಲೆ ಸುರಿಯಿತು. ಮೊದಲು ಕೊರೆದ ತೂತು ಜಾಗ ತಪ್ಪಿ, ಕೋಣೆಯ ನಡುವೆ ಬಕೆಟ್ಟಿನಷ್ಟು ಅಗಲಕ್ಕೆ ಬಿತ್ತು. ಆಮೇಲಿನ ನಾಲ್ಕು ಸರಿಯಾದವು. ಕಂಬಗಳ ತುದಿ ಅಟ್ಟದೊಳಗೆ ಹೊಕ್ಕು, ಮಂಚ ರಾಜಗಾಂಭೀರ್ಯದಿಂದ ನಿಂತಿತು. ಕೆಳಗೆ ಬಾಗಿಲು ಬಡಿದ ಸದ್ದಾಯಿತು.

ಎಂಬತ್ತರ ಹೆಪ್ಸಿಬಾ ಅತ್ತೆ ಟೀ ಕೂಡ ಮುಟ್ಟದೆ ನೇರ ಮಹಡಿ ಹತ್ತಿದರು. ಕೋಲೂರಿ ಬಗ್ಗಿ, ನಾಲ್ಕು ಕಾಲನ್ನೂ ಸವರಿ ನೋಡಿದರು.

"ಕೂದಲೆಳೆಯಷ್ಟೂ ಮುಟ್ಟಿಲ್ಲ ಅತ್ತೆ," ಅಂದ ಹ್ಯೂಬರ್ಟ್. "ಸೂರು ಬೇಕಾದ್ರೆ ಹೋಗ್ಲಿ, ನೀವು ಕೊಟ್ಟ ಮಂಚ ಹಾಗೇ ಇರ್ಬೇಕು ಅಂತ..."

ಅತ್ತೆ ಕುಸಿದು ಕೂತರು. "ಅಯ್ಯೋ ದಡ್ಡ ಶಿಖಾಮಣಿ! ಕತ್ತರಿಸಿ ಒಲೆಗೆ ಹಾಕ್ತೀಯ ಅಂತ ತಾನೇ ಈ ಗಿಡ್ಡ ಮನೆಗೆ ಕೊಟ್ಟಿದ್ದು!"

"ಅಂದ್ರೆ?"

"ಆ ಕಪ್ತಾನ ಹಡಗಿಗೆ ಹಿಡಿಸೋಕೆ ಅಂತ ಇದರ ಕಾಲು ಕೊಯ್ದುಬಿಟ್ಟಿದ್ದ. ದೊಡ್ಡ ಮನೇಲಿ ಗಿಡ್ಡ ಮಂಚ ಅಂತ ನಮ್ಮಪ್ಪಂಗೆ ನಾಚಿಕೆ. ಒಂದಿನ ಪಬ್ಬಿನ ಮುಂದೆ ಕುಡಿತ ಬಿಡಿ ಅಂತ ಭಾಷಣ ಮಾಡೋಕೆ ಹೋದೋರು, ಬರೋವಾಗ ಕೋಟಿನೊಳಗೆ ನಾಲ್ಕು ಗೂಟ, ಒಂದು ಚೆಂಡು ಕದ್ಕೊಂಡು ಬಂದ್ರು. ಪಾನವಿರೋಧಿ ಸಂಘದ ಅಧ್ಯಕ್ಷರು ಅರವತ್ತು ವರ್ಷ ಪಬ್ಬಿನ ಗೂಟದ ಮೇಲೆ ಮಲಗಿದ್ರು ಕಣೋ! ಸಾಯೋವಾಗ, ನೀನು ಇದಕ್ಕೆ ಕೈ ಹಚ್ಚಬೇಡ ಅಂತ ನನ್ನತ್ರ ಆಣೆ ಹಾಕಿಸ್ಕೊಂಡ್ರು. ಕಳ್ಳಮಾಲು ನಿಮ್ಮ ಕೈಲಾದ್ರೂ ಹಾಳಾಗ್ಲಿ ಅಂತ ಮಂಚ ನಿಮಗೆ, ಚೆಂಡು ಕತ್‌ಬರ್ಟ್‌ಗೆ ಕೊಟ್ಟೆ. ಪುಣ್ಯಾತ್ಮ, ವಾರದೊಳಗೆ ಕೆರೆಗೆ ಎಸೆದ. ಮನೆ ಅವನಿಗೇ."

ಹ್ಯೂಬರ್ಟ್ ಮಂಚದ ಕಾಲಿನ ಪಕ್ಕ ಮಂಡಿಯೂರಿದ. "ಅತ್ತೆ, ನಾನೂ ಕತ್ತರಿಸಿದ್ದೆ! ಆರು ವರ್ಷದ ಹಿಂದೆನೇ! ಇವತ್ತು ಅಂಟಿಸಿದ್ದು! ಈ ಸಂದು ನೋಡಿ!"

"ಆ ಸಂದು ನಮ್ಮಪ್ಪ ಹಾಕಿದ್ದು, ನಂಗೊತ್ತಿಲ್ವಾ? ಮನೆ ಆಸೆಗೆ ಈಗ ಸುಳ್ಳು ಬೇರೆ."

ಅಷ್ಟರಲ್ಲಿ ಪಂದ್ಯಕ್ಕೆ ಕರೆಯಲೆಂದು ಜೆಥ್ರೋ, ಹಿಂದೆಯೇ ಪಾದ್ರಿಗಳು ಮೆಟ್ಟಿಲು ಹತ್ತಿ ಬಂದರು. ಹ್ಯೂಬರ್ಟನಿಗೆ ಹೋದ ಜೀವ ಬಂದಂತಾಯಿತು.

"ಜೆಥ್ರೋ! ಹೇಳು ಮಾರಾಯ, ಈ ಕಾಲು ಇಷ್ಟು ದಿನ ಎಲ್ಲಿದ್ವು?"

ಜೆಥ್ರೋ ಅತ್ತೆಯನ್ನು ನೋಡಿದ, ಮಂಚ ನೋಡಿದ, ಕೊಟ್ಟ ಮಾತು ನೆನೆದು ಎದೆ ಸೆಟೆಸಿದ. "ಇವನ್ನ ನಾನು ಜನ್ಮದಲ್ಲೇ ಕಂಡಿಲ್ಲಮ್ಮಾ."

"ಅಯ್ಯೋ, ನಿಜ ಹೇಳೋ! ಪಾದ್ರಿಗಳೇ, ನೀವಾದ್ರೂ..."

ಪಾದ್ರಿಗಳು ತುಟಿ ಬಿಗಿಹಿಡಿದು ಸೂರಿನ ತೂತು ನೋಡುತ್ತ ನಿಂತರು.

ಅತ್ತೆ ಆರು ಗಂಟೆಯ ಬಸ್ಸಿಗೆ ಹೊರಟುಹೋದರು. ಜೆಥ್ರೋ ಹ್ಯೂಬರ್ಟನ ಬೆನ್ನು ತಟ್ಟಿದ. "ಹೆಂಗೆ? ಮಾತು ಉಳಿಸ್ಕೊಂಡ್ನೋ ಇಲ್ವೋ? ಸರಿ, ಗರಗಸ ತಗೋ. ಏಳಕ್ಕೆ ಪಂದ್ಯ."

ಹ್ಯೂಬರ್ಟ್ ಮತ್ತೆ ನಾಲ್ಕೂ ಕಾಲು ಕೊಯ್ದುಕೊಟ್ಟ. ಗರಗಸ ಹಿಡಿದು ಏಳಲು ಹೋದಾಗ ಮೇವಿಸ್ ಅವನ ತೋಳು ಹಿಡಿದು ಒಂದು ಹೆಜ್ಜೆ ಪಕ್ಕಕ್ಕೆ ಎಳೆದಳು.

"ರೀ, ಈ ದೊಡ್ಡ ತೂತಿನ ಕೆಳಗೆ ನಿಂತ್ಕೊಳಿ."

ಆರು ವರ್ಷಗಳಲ್ಲಿ ಮೊದಲ ಬಾರಿಗೆ ಹ್ಯೂಬರ್ಟ್ ಪೋಕಾಕ್ ಸ್ವಂತ ಮನೆಯಲ್ಲಿ ನೆಟ್ಟಗೆ ನಿಂತ. ಅಟ್ಟದ ಕತ್ತಲಲ್ಲಿ ಒಂದು ಇಲಿ ಅವನ ಮೂಗನ್ನೇ ನೋಡುತ್ತಿತ್ತು.