ಇತರೆ ತಂಡಗಳು, ಬೆಳಿಗ್ಗೆ ಏಳೂವರೆಗೆ

ಕಾನ್ವೆಂಟಿನಲ್ಲಿ ಓದಿದ ಹೆಂಗಸರಿಗೆ ಸಿಟ್ಟು ಬರುವುದಿಲ್ಲವೆಂದು ಜನ ತಿಳಿದುಕೊಂಡಿದ್ದಾರೆ. ಬರುತ್ತದೆ, ಎಲ್ಲರಿಗೂ ಬರುವಷ್ಟೇ ಬರುತ್ತದೆ. ಅದು ಹೊರಗೆ ಹೋಗುವ ದಾರಿಗಳನ್ನು ಮಾತ್ರ ನಮ್ಮ ಸಿಸ್ಟರುಗಳು ಒಂದನೇ ಕ್ಲಾಸಿನಲ್ಲೇ ಮುಚ್ಚಿಬಿಟ್ಟಿರುತ್ತಾರೆ. ದನಿ ಎತ್ತಬಾರದು, ಬಾಗಿಲು ಬಡಿಯಬಾರದು, ಬೆರಳು ತೋರಿಸಿ ಮಾತಾಡಬಾರದು. ಹೀಗಾಗಿ ನನ್ನ ಸಿಟ್ಟೆಲ್ಲ ತಿರಸ್ಕಾರವಾಗಿ ತುಟಿಯ ಎಡಮೂಲೆಯಲ್ಲಿ ಬಂದು ಕೂತಿದೆ. ನಾನು ಬೈದರೆ ಅರ್ಧ ಗಂಟೆಯಲ್ಲಿ ಮರೆತುಬಿಡಬಹುದು, ಆ ಮೂಲೆ ಒಂದು ಚೂರು ಮೇಲೆದ್ದರೆ ಎರಡು ದಿನ ಊಟ ಸೇರುವುದಿಲ್ಲ ಎನ್ನುತ್ತಾರೆ ನಮ್ಮವರು. ದೋಹಾಕ್ಕೆ ಬಂದು ಇಷ್ಟು ವರ್ಷಗಳಾದವು. ಈ ಅವಧಿಯಲ್ಲಿ ಆ ಮೂಲೆ ಎಲ್ಲಕ್ಕಿಂತ ಮೇಲೆ ಹೋದದ್ದು ಅಮೆರಿಕದ ಕಾಲೇಜು ಫುಟ್‌ಬಾಲಿನ ದೆಸೆಯಿಂದ ಎಂದರೆ ನೀವು ನಂಬಲಿಕ್ಕಿಲ್ಲ. ನನಗೇ ನಂಬಿಕೆ ಬಂದಿರಲಿಲ್ಲ.

ಅದನ್ನು ನಮ್ಮ ಮನೆಗೆ ತಂದವರು ಡೇಲ್ ಸಾಹೇಬರು. ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ನಮ್ಮವರ ಮೇಲಧಿಕಾರಿ. ಆರಡಿ ಮೀರಿದ ಆಳು, ಅಮೆರಿಕದಲ್ಲಿ ಬಟಾಟೆ ಬೆಳೆಯುವ ಯಾವುದೋ ಬೆಟ್ಟದ ಸೀಮೆಯವರು. ಹೆಂಡತಿ ಊರಿನಲ್ಲಿರುವುದರಿಂದ ತಿಂಗಳಿಗೊಂದು ಶುಕ್ರವಾರ ಅಲ್ ಸದ್ದಿನ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಬರುತ್ತಿದ್ದರು. ತಮ್ಮ ಕಾಲೇಜಿನ ಹಸಿರು ಟೋಪಿಯನ್ನು ಬಾಗಿಲಲ್ಲೇ ತೆಗೆದು, ಊಟ ಮುಗಿಯುವವರೆಗೂ ಮೊಣಕಾಲಿನ ಮೇಲೆ ಮಗುವಿನಂತೆ ಕೂರಿಸಿಕೊಳ್ಳುತ್ತಿದ್ದರು. ನೀರುದೋಸೆಯನ್ನು ಚಾಕುವಿನಿಂದ ಕತ್ತರಿಸಿ ಕೋಳಿ ಗಸಿಯಲ್ಲಿ ಅದ್ದಿ, ಸಾಮಾನ್ಯವಾಗಿ ಎಂಟು ತಿನ್ನುತ್ತಿದ್ದರು. ಆ ಡಿಸೆಂಬರಿನ ಶುಕ್ರವಾರ ಎರಡಕ್ಕೇ ನಿಲ್ಲಿಸಿದರು. ಖಾರ ಹೆಚ್ಚಾಯಿತೇನೋ ಎಂದು ನಾನು ಮೊಸರು ತಂದೆ. ಅವರು ತಲೆಯಾಡಿಸಿ, “ನಮ್ಮ ಹುಡುಗರನ್ನು ಕರೆಯಲಿಲ್ಲ ಮೇಡಮ್” ಎಂದರು. ದನಿ ಕೇಳಿ ಯಾರೋ ಮದುವೆಗೆ ಕರೆಯದೆ ಅವಮಾನ ಮಾಡಿದ್ದಾರೆಂದೇ ನಾನು ತಿಳಿದೆ.

ವಿಷಯ ಹೀಗೆ. ಅಲ್ಲಿ ಕಾಲೇಜುಗಳು ಫುಟ್‌ಬಾಲ್ ಎಂಬ ಹೆಸರಿನಲ್ಲಿ ಕೈಯಿಂದ ಒಂದು ಆಟ ಆಡುತ್ತವೆ. ಒಂದೊಂದು ಸೀಮೆಯ ಕಾಲೇಜುಗಳದ್ದು ಒಂದೊಂದು ಕೂಟ. ಕೆಲವು ದೊಡ್ಡ ಕೂಟಗಳು, ಕೆಲವು ಸಣ್ಣವು. ಡೇಲ್ ಸಾಹೇಬರ ಕಾಲೇಜು ಸಣ್ಣ ಕೂಟದ್ದು. ಆ ವರ್ಷ ಅವರ ಹುಡುಗರು ಆಡಿದ ಆಟವನ್ನೆಲ್ಲ ಗೆದ್ದಿದ್ದರು, ಒಂದನ್ನೂ ಸೋತಿರಲಿಲ್ಲ. ಆದರೆ ಫೈನಲಿಗೆ ಹೋದದ್ದು ದೊಡ್ಡ ಕೂಟದ ಎರಡು ತಂಡಗಳು, ಅವುಗಳಲ್ಲಿ ಒಂದು ಆ ವರ್ಷ ಒಂದು ಆಟ ಸೋತಿದ್ದ ತಂಡ. ಅದು ಹೇಗೆ ಎಂದು ಕೇಳಿದೆ. ಅಲ್ಲಿ ಸೆಮಿಫೈನಲ್ ಎಂಬುದೇ ಇಲ್ಲವಂತೆ. ಕೋಚುಗಳು, ಪೇಪರಿನವರು ಮುಂತಾಗಿ ಕೆಲವರು ಮತ ಹಾಕುತ್ತಾರೆ, ಕಂಪ್ಯೂಟರೂ ಏನೋ ಲೆಕ್ಕ ಹಾಕುತ್ತದೆ, ಕೊನೆಗೆ ಯಾರು ‘ಯೋಗ್ಯರು’ ಎಂದು ಘೋಷಿಸುತ್ತಾರೆ. ಡೇಲ್ ಸಾಹೇಬರ ಹುಡುಗರ ಬಗ್ಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಗೆದ್ದಿದ್ದಾರೆ ನಿಜ, ಆದರೆ ಯಾರ ಮೇಲೆ ಗೆದ್ದದ್ದು? ದೊಡ್ಡವರ ಮೇಲೆ ಆಡಿ ಗೆಲ್ಲೋಣವೆಂದರೆ ದೊಡ್ಡವರು ಇವರ ಜೊತೆ ಆಡಲು ಒಪ್ಪುವುದಿಲ್ಲ. ಸೋತರೆ ಮರ್ಯಾದೆ ಹೋಗುತ್ತದಲ್ಲ.

ನನ್ನ ತುಟಿಯ ಮೂಲೆ ಏರಲು ಶುರುವಾದದ್ದು ಆಗ. ಇದು ಹೇಗಾಯಿತೆಂದರೆ, ಸಾರಿನ ರುಚಿ ನೋಡದೆ, ಪಾತ್ರೆ ಹಿತ್ತಾಳೆಯದ್ದೋ ಅಲ್ಯುಮಿನಿಯಮ್ಮಿನದ್ದೋ ಎಂದು ನೋಡಿ ಮಾರ್ಕು ಹಾಕಿದಂತೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿ ವಾಪಸು ಕರೆತಂದ ದೇಶಕ್ಕೆ ಒಂದು ಸೆಮಿಫೈನಲ್ ಇಡಲು ಬರುವುದಿಲ್ಲವಲ್ಲ. ನಮ್ಮ ಕಾನ್ವೆಂಟಿನಲ್ಲಿ ಆಟದ ಸಿಸ್ಟರು ಒಂದು ಟಿಫಿನ್ ಡಬ್ಬಿಯಲ್ಲಿ ಎಂಟು ಚೀಟಿ ಹಾಕಿ, ಕುಲುಕಿ, ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಕೆಲಸ. ನಾನು ಗೋಡೆಯ ಕ್ಯಾಲೆಂಡರಿನಿಂದ ನವೆಂಬರನ್ನು ಹರಿದು ಅದರ ಹಿಂದುಗಡೆ ಡೇಲ್ ಸಾಹೇಬರಿಗೆ ಬರೆದೇ ತೋರಿಸಿದೆ. ಎಂಟು ತಂಡ, ನಾಲ್ಕು ಆಟ, ಆಮೇಲೆ ಎರಡು, ಆಮೇಲೆ ಒಂದು. ಕೊಂಬೆಗೆ ಕೊಂಬೆ ಕೂಡಿಸಿ ಗೆರೆ ಎಳೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ವಾಕ್ಯವನ್ನೂ ಹಾಕಿದೆ: ‘ದೊಡ್ಡವರಾಗಲಿ ಸಣ್ಣವರಾಗಲಿ, ಎಲ್ಲರೂ ಆಡಿಯೇ ಬರಬೇಕು.’ ಡೇಲ್ ಸಾಹೇಬರು ಅದನ್ನು ಎರಡು ಸಲ ಓದಿ, ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡರು. ಆಮೇಲೆ ಇನ್ನೂ ಆರು ನೀರುದೋಸೆ ತಿಂದರು. ಅಮೆರಿಕದವರಿಗೇ ಬುದ್ಧಿ ಹೇಳಿದೆನೆಂಬ ಸಂತೋಷದಲ್ಲಿ ನಾನು ಒಂದು ವಾರ ಪಾತ್ರೆಗಳನ್ನು ಹಾಡುತ್ತಾ ತೊಳೆದೆ.

ಇನ್ನು ನಮ್ಮ ಸಂಘದ ವಿಷಯ ಹೇಳಬೇಕು. ಕರಾವಳಿಯವರದ್ದೊಂದು ಸಂಘ ಇಲ್ಲಿದೆ. ಫೆಬ್ರವರಿಯಲ್ಲಿ ಒಂದು ಶುಕ್ರವಾರ, ಶಾಲೆಯೊಂದರ ಮೈದಾನದಲ್ಲಿ ಹೆಂಗಸರ ತ್ರೋಬಾಲ್ ಪಂದ್ಯಾಟ. ಅದರ ಮಹಿಳಾ ಕಾರ್ಯದರ್ಶಿ ನಾನೇ, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ. ನಾಲ್ಕು ತಂಡಗಳು ನೇರವಾಗಿ ಸೆಮಿಫೈನಲಿಗೆ, ಅದು ಮೊದಲಿನಿಂದ ಬಂದ ಕ್ರಮ. ಆ ನಾಲ್ಕರಲ್ಲಿ ಆಡುವವರು ಸಂಘ ಕಟ್ಟಿದವರ ಹೆಂಡಂದಿರು, ನಾದಿನಿಯರು, ಹೆಂಡಂದಿರ ತಂಗಿಯರು. ನಮ್ಮ ತಂಡವೂ ಅದರಲ್ಲೊಂದು, ನಾನೇ ಕ್ಯಾಪ್ಟನ್. ಉಳಿದವರಿಗೆ ಆಮಂತ್ರಣದಲ್ಲಿ ‘ಇತರೆ ತಂಡಗಳು’ ಎಂದು ಹೆಸರು. ಅವರ ಆಟ ಬೆಳಿಗ್ಗೆ ಏಳೂವರೆಗೆ ಶುರುವಾಗಿ ಜುಮಾ ನಮಾಜಿನೊಳಗೆ ಮುಗಿಯಬೇಕು. ಅದರಲ್ಲಿ ಗೆದ್ದವರಿಗೆ ಒಂದು ಸಮಾಧಾನಕರ ಕಪ್, ಹೆಚ್ಚುಕಡಿಮೆ ಲೋಟದಷ್ಟು ಎತ್ತರದ್ದು. ನಾಲ್ಕು ತಂಡಗಳ ನಾವು ಬಿರಿಯಾನಿ ಊಟ ಮುಗಿಸಿ ಮೂರು ಗಂಟೆಗೆ ಹಿತವಾದ ಬಿಸಿಲಿನಲ್ಲಿ ಕಣಕ್ಕಿಳಿಯುತ್ತೇವೆ.

ಜನವರಿಯ ಕೊನೆಯಲ್ಲಿ ಲವೀನಾ ಮನೆಗೆ ಬಂದಳು. ಶಿರ್ವದ ಕಡೆಯ ಹುಡುಗಿ, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಡ್ಯೂಟಿಯಿಂದ ನೇರ ಬಂದಿದ್ದಳು. ಬಿಳಿ ಶೂಗಳನ್ನು ಬಾಗಿಲ ಹೊರಗೆ ಮೂತಿ ಹೊರಗೆ ಮಾಡಿ ಜೋಡಿಸಿಟ್ಟದ್ದನ್ನು ನೋಡಿಯೇ ನನಗೆ ಇಷ್ಟವಾದಳು. ನರ್ಸುಗಳ ತಂಡ ಎರಡು ವರ್ಷ ಲೋಟದ ಕಪ್ ಗೆದ್ದಿದೆ, ಈ ಸಲ ಸೆಮಿಫೈನಲಿನಲ್ಲಿ ಒಂದು ಜಾಗ ಕೊಡಬೇಕು ಎಂಬುದು ಅವಳ ಕೋರಿಕೆ. ಅವರಲ್ಲಿ ಮೂವರ ಕಾಂಟ್ರ್ಯಾಕ್ಟು ಬೇಸಗೆಗೆ ಮುಗಿಯುತ್ತದೆ, ಮತ್ತೆ ಊರಿಗೆ. ಆಡುವುದಿದ್ದರೆ ಈ ವರ್ಷವೇ. ನಾನು ಅವಳಿಗೆ ಚಹಾ ಕೊಟ್ಟೆ, ಕೇಕು ಕೊಟ್ಟೆ, ಸಿಸ್ಟರುಗಳು ಕಲಿಸಿದ ಅತ್ಯಂತ ಮೃದುವಾದ ದನಿಯಲ್ಲಿ ಮಾತಾಡಿದೆ.

“ನೀವು ಚೆನ್ನಾಗಿ ಆಡ್ತೀರಿ ಲವೀನಾ, ಇಲ್ಲ ಅನ್ನುವುದಿಲ್ಲ. ಆದರೆ ಗೆದ್ದದ್ದು ಯಾರ ಮೇಲೆ ಹೇಳಿ? ಎಲ್ಲ ಇತರೆಯವರ ಮೇಲೆ ಅಲ್ವಾ?”

“ನಿಮ್ಮ ಮೇಲೆ ಗೆಲ್ಲಲಿಕ್ಕೆ ನೀವು ನೆಟ್ಟಿನ ಆಚೆ ನಿಲ್ಲಬೇಕಲ್ಲ ಅಕ್ಕ” ಎಂದಳು ಲವೀನಾ, ಕಪ್ಪನ್ನು ಬಸಿಯ ಮೇಲೆ ಸದ್ದಾಗದಂತೆ ಇಡುತ್ತಾ.

ಮಾತು ಜೋರಾಯಿತು ಹುಡುಗಿಯದ್ದು ಎಂದುಕೊಂಡೆ. ಉಳಿದ ಕೇಕನ್ನು ಬೆಳ್ಳಿ ಕಾಗದದಲ್ಲಿ ಸುತ್ತಿ ಕೊಟ್ಟು ಕಳಿಸಿದೆ. ನಾನು ಬಾಯಿಬಿಟ್ಟು ಆಡಿದ ಮಾತು ನನ್ನ ಕಿವಿಗೇ ಬೀಳಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ಅದು ನಿಜ. ಕೇಕು ಸುತ್ತುವ ಗಡಿಬಿಡಿಯಲ್ಲಿದ್ದೆ.

ಆ ವರ್ಷ ಮುಖ್ಯ ಅತಿಥಿಯಾಗಿ ಡೇಲ್ ಸಾಹೇಬರನ್ನು ಕರೆಯಬೇಕೆಂದು ಸೂಚಿಸಿದವಳೂ ನಾನೇ. ಗಂಡನ ಮೇಲಧಿಕಾರಿಯನ್ನು ಕರೆದು ಶಾಲು ಹೊದಿಸುವುದು ನಮ್ಮ ಸಂಘದಲ್ಲಿ ಹಳೇ ಪದ್ಧತಿ. ಬಡ್ತಿಯ ಕಾಲದಲ್ಲಿ ಈ ಶಾಲುಗಳು ಹೆಚ್ಚಾಗುತ್ತವೆ. ಆಮಂತ್ರಣ ಬರೆದವಳು ನಾನು. ಸಮಯ: ಬೆಳಿಗ್ಗೆ ಏಳೂವರೆ. ನಮ್ಮ ಕಡೆಯ ಯಾವ ಮುಖ್ಯ ಅತಿಥಿಗೂ ಇದನ್ನು ಬಿಡಿಸಿ ಹೇಳುವ ಅಗತ್ಯ ಬಿದ್ದಿರಲಿಲ್ಲ. ಕಾರ್ಡಿನಲ್ಲಿ ಏಳೂವರೆ ಎಂದಿದ್ದರೆ ಮೂರು ಗಂಟೆಗೆ ಬರಬೇಕು, ಅದೂ ಎರಡು ಸಲ ಫೋನು ಮಾಡಿಸಿಕೊಂಡು. ಡೇಲ್ ಸಾಹೇಬರು ಕಾರ್ಡಿನಲ್ಲಿದ್ದದ್ದನ್ನು ಓದಿ ಏಳು ಇಪ್ಪತ್ತೈದಕ್ಕೆ ಮೈದಾನದಲ್ಲಿದ್ದರು.

ಅವರ ಫೋನು ಬಂದಾಗ ನಮ್ಮವರು ಲುಂಗಿಯಲ್ಲಿ ಪೇಪರು ಓದುತ್ತಿದ್ದರು. ಫೋನನ್ನು ಕಿವಿಗಿಟ್ಟವರೇ ಎದ್ದು ನಿಂತರು, ಲುಂಗಿ ಅರ್ಧ ಕೂತೇ ಇತ್ತು. ಸಂಘದ ಅಧ್ಯಕ್ಷರು ಇನ್ನೂ ಎದ್ದಿರಲಿಲ್ಲ. ಶಾಲು ಖಜಾಂಚಿಯವರ ಕಾರಿನಲ್ಲಿತ್ತು, ಖಜಾಂಚಿಯವರು ಊರಾಚೆ ವಕ್ರಾದಲ್ಲಿದ್ದರು. ನಾವಿಬ್ಬರು ಮೈದಾನ ತಲುಪುವಾಗ ಒಂಬತ್ತು ಕಳೆದಿತ್ತು. ಡೇಲ್ ಸಾಹೇಬರು ಪ್ಲಾಸ್ಟಿಕ್ ಕುರ್ಚಿಯೊಂದರಲ್ಲಿ, ಚಳಿಗಾಳಿಗೆ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ನರ್ಸುಗಳ ಫ್ಲಾಸ್ಕಿನ ಚಹಾ ಕುಡಿಯುತ್ತಾ ಕೂತಿದ್ದರು. ಅಷ್ಟರಲ್ಲಿ ಅವರಿಗೆ ತ್ರೋಬಾಲಿನ ನಿಯಮವೆಲ್ಲ ಬಾಯಿಪಾಠ. ಲವೀನಾಳ ಸರ್ವಿಸ್ ಬಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ನರ್ಸುಗಳು ಒಬ್ಬರಾದ ಮೇಲೊಬ್ಬರನ್ನು ಸೋಲಿಸಿ ಹನ್ನೊಂದು ಗಂಟೆಗೆ ಲೋಟ ಗೆದ್ದರು. ಅದನ್ನು ಕೊಡುವವರು ಯಾರೂ ಬಂದಿರಲಿಲ್ಲವಾದ್ದರಿಂದ ಡೇಲ್ ಸಾಹೇಬರೇ ಕೊಟ್ಟು, ಇವರ ಮುಂದಿನ ಆಟ ಎಷ್ಟು ಹೊತ್ತಿಗೆ ಎಂದು ನಮ್ಮವರನ್ನು ಕೇಳಿದರು.

ಮುಂದಿನ ಆಟ ಇಲ್ಲವೆಂದು ನಮ್ಮವರು ನೆಲ ನೋಡುತ್ತಾ ಹೇಳಿದರು. ಮಧ್ಯಾಹ್ನದ ನಾಲ್ಕು ತಂಡಗಳು ಯಾರ ಮೇಲೆ ಗೆದ್ದು ಬಂದವು ಎಂದು ಡೇಲ್ ಸಾಹೇಬರು ಕೇಳಿದರು. ನಮ್ಮವರು ನನ್ನ ಮುಖ ನೋಡಿದರು. ಡೇಲ್ ಸಾಹೇಬರು ಪರ್ಸು ತೆಗೆದು, ನಾಲ್ಕು ಮಡಿಕೆಯ ಕಾಗದ ಬಿಡಿಸಿ ನನ್ನ ಮುಂದೆ ಹಿಡಿದರು. ಒಂದು ಕಡೆ ನವೆಂಬರು, ಇನ್ನೊಂದು ಕಡೆ ಕೊಂಬೆಕೊಂಬೆಯಾಗಿ ನನ್ನ ನ್ಯಾಯ.

“ಮೇಡಮ್, ಇದು ನಿಮ್ಮ ಕೈಬರಹವೇ ತಾನೆ?”

ಅಕ್ಷರ ದುಂಡಗಿರುವುದರ ಕಷ್ಟ ಇದೇ, ಬೇರೆಯವರದ್ದೆಂದು ಹೇಳಲು ಬರುವುದಿಲ್ಲ. ಲವೀನಾ ನೆಟ್ಟಿನ ಪಕ್ಕ ನಿಂತು ನೀರು ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದಳು. ನಾನು ಹೋಗಿ, ಊಟವಾದ ಮೇಲೆ ನಮ್ಮ ತಂಡ ನಿಮ್ಮ ಎದುರು ಆಡುತ್ತದೆ, ಗೆದ್ದವರು ಸೆಮಿಫೈನಲಿಗೆ ಎಂದೆ. ಅವಳು ತನ್ನವರ ಕಡೆ ತಿರುಗಿ “ಯಾರೂ ಬಿರಿಯಾನಿ ಮುಟ್ಟಬೇಡಿ” ಎಂದಳು. ನಮ್ಮ ತಂಡಕ್ಕೂ ನಾನು ಹಾಗೆ ಹೇಳಬಹುದಿತ್ತು. ಆದರೆ ನಾವು ವರ್ಷಗಟ್ಟಲೆ ಯೋಗ್ಯರೆನಿಸಿಕೊಂಡು ಬಂದವರು.

ಆಟ ಎಷ್ಟು ಹೊತ್ತು ನಡೆಯಿತೆಂದು ಕೇಳಬೇಡಿ. ನಮ್ಮಲ್ಲೊಬ್ಬರು ಬಳೆ ತೆಗೆದಿಟ್ಟು ಬರುವುದರೊಳಗೆ ಮೊದಲ ಸೆಟ್ ಮುಗಿದಿತ್ತು. ಲವೀನಾಳ ಚೆಂಡು ನನ್ನ ಕಡೆಗೆ ಬಂದಾಗಲೆಲ್ಲ ನಾನು ಪಕ್ಕದವರಿಗೆ ಅವಕಾಶ ಮಾಡಿಕೊಟ್ಟೆ, ಅವರು ನನಗೆ ಮಾಡಿಕೊಟ್ಟರು, ಚೆಂಡು ನಮ್ಮಿಬ್ಬರ ಮಧ್ಯೆ ನೆಲ ಮುಟ್ಟುತ್ತಿತ್ತು. ನರ್ಸುಗಳು ಸೆಮಿಫೈನಲನ್ನೂ ಗೆದ್ದರು. ಫೈನಲಿನಲ್ಲಿ ಮೂರನೇ ಸೆಟ್ಟಿನವರೆಗೆ ಎಳೆದು ಎರಡು ಪಾಯಿಂಟಿನಿಂದ ಸೋತರು. ಊರಿಗೆ ಹೋಗುವ ಮೂವರೂ ನೆಲದಲ್ಲೇ ಕೂತುಬಿಟ್ಟರು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ಮೂವರೂ ಮಣ್ಣು ಮೆತ್ತಿದ ಮೊಣಕೈ ತೋರಿಸಿಕೊಂಡು ನಗುತ್ತಿದ್ದರು. ಶಾಲು ಹೊದ್ದುಕೊಂಡ ಡೇಲ್ ಸಾಹೇಬರು ನನ್ನ ಪಕ್ಕದಲ್ಲಿ ನಿಂತು ಮೆಲ್ಲಗೆ, “ಆಡಿ ಸೋತರಲ್ಲ ಮೇಡಮ್, ನಮ್ಮ ಹುಡುಗರಿಗೆ ಅಷ್ಟೂ ಸಿಗಲಿಲ್ಲ” ಎಂದರು. ನನ್ನ ತುಟಿಯ ಮೂಲೆ ಅಂದು ಎಲ್ಲಿತ್ತೋ ನನಗೆ ಗೊತ್ತಿಲ್ಲ, ಮೇಲಂತೂ ಇರಲಿಲ್ಲ.

ಇದರಿಂದ ಸಂಘಕ್ಕೆ ಬುದ್ಧಿ ಬಂತೆಂದು ನೀವು ತಿಳಿದರೆ ನಿಮಗೆ ಸಂಘಗಳ ಪರಿಚಯವಿಲ್ಲ. ಈ ವರ್ಷದ ಸಭೆ ನಮ್ಮ ಮನೆಯಲ್ಲೇ ನಡೆಯಿತು. ನನ್ನ ಗೋಳಿಬಜೆ ತಿನ್ನುತ್ತಾ ಗಂಡಸರು ತೀರ್ಮಾನಿಸಿದ್ದು ಇಷ್ಟೇ: ಹೋದ ವರ್ಷ ಸೆಮಿಫೈನಲ್ ಆಡಿದ ನಾಲ್ಕು ತಂಡಗಳು ಈ ಸಲ ನೇರವಾಗಿ ಒಳಗೆ, ಉಳಿದವರು ಬೆಳಿಗ್ಗೆ. ಅಂದರೆ ನರ್ಸುಗಳು ಒಳಗೆ, ನಾವು ಹೊರಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇದು ಅನ್ಯಾಯ, ದೊಡ್ಡವರಾಗಲಿ ಸಣ್ಣವರಾಗಲಿ ಎಲ್ಲರೂ ಆಡಿಯೇ ಬರಬೇಕು, ತತ್ವ ಎಂಬುದೊಂದಿದೆ ಎಂದು ಶಾಂತವಾಗಿ ಹೇಳಿದೆ. ಒಬ್ಬರೂ ತಲೆ ಎತ್ತಲಿಲ್ಲ. “ಹೋದ ವರ್ಷದ ಜನವರಿಯಲ್ಲಿ ಈ ತತ್ವ ಎಲ್ಲಿತ್ತು ಮಾರಾಯ್ತಿ?” ಎಂದು ನಮ್ಮವರು ಕೇಳಿದರು. ಅಧ್ಯಕ್ಷರು ಇನ್ನೊಂದು ಗೋಳಿಬಜೆ ತೆಗೆದುಕೊಂಡು ಖಲಾಸ್ ಎಂದರು.

ನಿನ್ನೆ ಕೂತು ಆಮಂತ್ರಣ ಬರೆದು ಮುಗಿಸಿದೆ. ಇತರೆ ತಂಡಗಳು, ಬೆಳಿಗ್ಗೆ ಏಳೂವರೆಗೆ. ಒಟ್ಟು ಏಳು ತಂಡಗಳಿವೆ, ನಮ್ಮ ಹೆಸರನ್ನು ಎಲ್ಲರಿಗಿಂತ ಮೇಲೆ, ಉಳಿದವರದ್ದಕ್ಕಿಂತ ಒಂದು ಚೂರು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಇಷ್ಟು ವರ್ಷ ಸೆಮಿಫೈನಲಿನಲ್ಲಿದ್ದವರು ನಾವು. ಉಳಿದ ಇತರೆಯವರೂ ನಾವೂ ಒಂದೇ ಆಗುತ್ತದೆಯೇ?